ದಾರಿ ಹೇಳುವವರ ದುಡಿಮೆ

2011ರ ಜುಲೈಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿದ್ದ ಅಂಗಡಿ, ಮನೆ, ಖಾನಾವಳಿಗಳನ್ನು ಜೆಸಿಬಿ ತಂದು ಕೆಡವಿದರು. ಅಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳು ಕಳೆದುಕೊಂಡದ್ದರ ಮುಂದೆ ನಾನು ಹೇಳಹೊರಟ ನಷ್ಟ ಬಹಳ ಸಣ್ಣದು. ಆದರೂ ಹೇಳಬೇಕು. ಎಲ್ಲಿ ಉಳಿಯಬೇಕು, ಎಲ್ಲಿ ಉಣ್ಣಬೇಕು, ಸೈಕಲ್ ಎಲ್ಲಿ ಬಾಡಿಗೆಗೆ ಸಿಗುತ್ತದೆ ಎಂದು ಪ್ರವಾಸ ಕೈಪಿಡಿಗಳಲ್ಲಿ ಅಚ್ಚಾಗಿದ್ದ ಎಷ್ಟೋ ಸಾಲುಗಳು ಆಗ ಒಟ್ಟಿಗೆ ಸುಳ್ಳಾದವು. 2020ರಲ್ಲಿ, ಸುಪ್ರೀಂ ಕೋರ್ಟಿನ ತೀರ್ಪಿನ ಬೆನ್ನಿಗೆ, ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳೂ ಹೋದವು. ಹೋಂಸ್ಟೇಗಳು ಆನೆಗೊಂದಿ, ಸಾಣಾಪುರದ ಕಡೆ ಸರಿದವು. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಸತ್ತರು. ಇನ್ನೇನು ಸೇತುವೆ ಬರುತ್ತದೆ ಎಂದು ಅದಕ್ಕೂ ಮೊದಲು ಬರೆದಿಟ್ಟವರ ಮಾತು ನಿಲ್ಲಲಿಲ್ಲ, ಜನ ಮತ್ತೆ ಹರಿಗೋಲು ಹತ್ತಿದರು. ಪುರಾತತ್ವ ಇಲಾಖೆಯ ಟಿಕೆಟ್ ಭಾರತೀಯರಿಗೆ 2016ರಲ್ಲಿ 10 ರೂಪಾಯಿಯಿಂದ 30ಕ್ಕೆ, 2018ರಲ್ಲಿ 40ಕ್ಕೆ ಏರಿತು. 2014ರಲ್ಲಿ ಹಾಸ್ಪೇಟ್ ಅಧಿಕೃತವಾಗಿ ಹೊಸಪೇಟೆಯಾಯಿತು. 2021ರಲ್ಲಿ ಜಿಲ್ಲೆಯೇ ಬದಲಾಗಿ ಹಂಪಿ ಬಳ್ಳಾರಿಯಿಂದ ವಿಜಯನಗರಕ್ಕೆ ಸೇರಿತು. ಆರುನೂರು ವರ್ಷದ ಕಲ್ಲು ಕದಲದೆ ನಿಂತಿರುವ ಊರಿನಲ್ಲೇ ಹದಿಮೂರು ವರ್ಷದಲ್ಲಿ ಇಷ್ಟು ಬದಲಾವಣೆ.

ಇಷ್ಟನ್ನೂ ಯಾರಾದರೂ ಹೋಗಿ, ನೋಡಿ, ಕೇಳಿ, ಬರೆದುಕೊಂಡು ಬರಬೇಕು. ಹಾಗೆ ಹೋಗುವವರು ಸಾಮಾನ್ಯವಾಗಿ ಯಾವ ಸಂಸ್ಥೆಯ ನೌಕರರೂ ಅಲ್ಲ. ಅವರಿಗೆ ತಿಂಗಳ ಸಂಬಳವಿಲ್ಲ, ಪಿಎಫ್ ಇಲ್ಲ, ರಜೆ ಇಲ್ಲ. ಒಂದು ಕರಾರುಪತ್ರ, ಒಂದು ಗಡುವು, ಇಂತಿಷ್ಟು ಪದಗಳ ಮಿತಿ ಇರುತ್ತದೆ. ಫ್ರೀಲಾನ್ಸ್ ಪ್ರವಾಸ ಬರಹಗಾರರು ಎಂದರೆ ಊರೂರು ಸುತ್ತಿ ಮಜವಾಗಿರುವವರು ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಈ ವೃತ್ತಿಯನ್ನು ಹತ್ತಿರದಿಂದ ನೋಡಿದರೆ ಕಾಣುವುದೇ ಬೇರೆ. ಪ್ರವಾಸ ಕೈಪಿಡಿಯ ನಿಜವಾದ ಬೆಲೆ ಇರುವುದು ಖುದ್ದಾಗಿ ಹೋಗಿ ತಾಳೆ ನೋಡುವ ಕೆಲಸದಲ್ಲಿ. ಈ ಉದ್ಯಮದಲ್ಲಿ ಹಣ ಎಷ್ಟು ಕೈ ಬದಲಾಯಿಸಿದರೂ ಆ ಕೆಲಸದ ಪಾಲಿಗೆ ಬಂದದ್ದು ಕಡಿಮೆಯಾಗುತ್ತಲೇ ಹೋಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಧುನಿಕ ಕೈಪಿಡಿ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ. ಲಂಡನ್ನಿನ ಪ್ರಕಾಶಕ ಜಾನ್ ಮರ್ರೆ 1836ರಲ್ಲಿ ಯುರೋಪಿನ ಪ್ರಯಾಣಿಕರಿಗಾಗಿ ತನ್ನ ಮೊದಲ ಕೈಪಿಡಿ ತಂದ. ಅದನ್ನು ಬರೆದದ್ದೂ ಅವನೇ. ಜರ್ಮನಿಯ ಕೋಬ್ಲೆನ್ಸ್‌ನಲ್ಲಿ ಕಾರ್ಲ್ ಬೆಡೆಕರ್ ಅದೇ ಹೊತ್ತಿಗೆ ರೈನ್ ನದಿಯ ದಾರಿಯ ಪುಸ್ತಕವನ್ನು ತಿದ್ದಿ ಬೆಳೆಸುತ್ತಿದ್ದ. ಬೆಡೆಕರ್ ಬಗ್ಗೆ ಒಂದು ಕಥೆ ಪ್ರಸಿದ್ಧ. ಮಿಲಾನ್ ನಗರದ ಕೆಥೆಡ್ರಲ್ ಹತ್ತುವಾಗ ಪ್ರತಿ ಇಪ್ಪತ್ತು ಮೆಟ್ಟಿಲಿಗೆ ಒಂದು ಬಟಾಣಿ ಕಾಳನ್ನು ಒಂದು ಜೇಬಿನಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತ ಲೆಕ್ಕ ಇಟ್ಟನಂತೆ, ಇಳಿಯುವಾಗ ಮತ್ತೆ ಅದೇ ರೀತಿ ಎಣಿಸಿ ತಾಳೆ ನೋಡಿದನಂತೆ. ಆನೆಗೊಂದಿಯ ಅಂಜನಾದ್ರಿಗೆ 575 ಮೆಟ್ಟಿಲು ಎಂದು ಇಂದು ಎಲ್ಲ ಕಡೆ ಬರೆದಿರುತ್ತಾರೆ. ಅದರಲ್ಲಿ ಎಷ್ಟು ಮಂದಿ ಬೆಡೆಕರನ ಹಾಗೆ ಎಣಿಸಿ ಬರೆದರು, ಎಷ್ಟು ಮಂದಿ ಇನ್ನೊಬ್ಬರದ್ದನ್ನು ನೋಡಿ ಬರೆದರು ಎಂಬ ಪ್ರಶ್ನೆಯಲ್ಲೇ ಈ ವೃತ್ತಿಯ ಇಡೀ ಇತಿಹಾಸ ಅಡಗಿದೆ.

ಮರ್ರೆ ಸಂಸ್ಥೆಗೆ ಸ್ಪೇನಿನ ಕೈಪಿಡಿ ಬರೆದ ರಿಚರ್ಡ್ ಫೋರ್ಡ್ ಆ ದೇಶದಲ್ಲಿ ಕೆಲವು ವರ್ಷ ಮನೆ ಮಾಡಿಕೊಂಡಿದ್ದು, ಕುದುರೆಯ ಮೇಲೆ ಸುತ್ತಿ, ಆಮೇಲೆ ಇನ್ನೂ ಹಲವು ವರ್ಷ ಕೂತು ಬರೆದ. ಮೊದಲು ಅಚ್ಚಾದದ್ದರಲ್ಲಿ ಮಾತು ಬಹಳ ಖಾರವಾಯಿತೆಂದು ಅದನ್ನು ತಡೆಹಿಡಿದು, ತಿದ್ದಿದ ಆವೃತ್ತಿಯನ್ನು 1845ರಲ್ಲಿ ತಂದರು. ಭಾರತದ ಸರದಿ ಬಂದದ್ದು 1859ರಲ್ಲಿ. ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತ್ಯಗಳ ಆ ಕೈಪಿಡಿಯನ್ನು ಬರೆದವನು ಎಡ್ವರ್ಡ್ ಈಸ್ಟ್‌ವಿಕ್. ಕಂಪನಿ ಸರ್ಕಾರದಲ್ಲಿ ದುಡಿದವನು, ಸಾದಿಯ ಗುಲಿಸ್ತಾನವನ್ನು ಇಂಗ್ಲಿಷಿಗೆ ತಂದವನು. ಹಂಪಿಗೆ ಮೊದಮೊದಲ ಒಳ್ಳೆಯ ಮಾರ್ಗದರ್ಶಿ ಕೊಟ್ಟ ಎ. ಎಚ್. ಲಾಂಗ್‌ಹರ್ಸ್ಟ್ ಪುರಾತತ್ವ ಇಲಾಖೆಯ ಅಧಿಕಾರಿ. ಅವನ ಪುಸ್ತಕ 1917ರಲ್ಲಿ ಬಂತು. ಇವರನ್ನು ಸಾಲಾಗಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಒಬ್ಬ ಸ್ವತಃ ಪ್ರಕಾಶಕ, ಒಬ್ಬ ಉಳ್ಳವರ ಮನೆಯ ಮಗ, ಒಬ್ಬ ಕಂಪನಿಯ ಅನ್ನ ಉಂಡವನು, ಒಬ್ಬ ಸರ್ಕಾರಿ ಸಂಬಳದವನು. ಯಾರೂ ಕೈಪಿಡಿಯ ಸಂಭಾವನೆಯಿಂದ ಮನೆ ಬಾಡಿಗೆ ಕಟ್ಟಬೇಕಾದವರಲ್ಲ.

ಬಾಡಿಗೆ ಕಟ್ಟಬೇಕಾದವರು ಬಂದದ್ದು 1970ರ ದಶಕದಲ್ಲಿ. ಟೋನಿ ಮತ್ತು ಮೌರೀನ್ ವೀಲರ್ ದಂಪತಿ 1972ರಲ್ಲಿ ಲಂಡನ್ನಿನಿಂದ ಹಳೆಯ ವ್ಯಾನಿನಲ್ಲಿ ಹೊರಟು, ಏಷ್ಯಾ ದಾಟಿ ಆಸ್ಟ್ರೇಲಿಯಾ ಮುಟ್ಟಿದಾಗ ಅವರ ಬಳಿ ಉಳಿದದ್ದು 27 ಸೆಂಟ್. ಕೇಳಿದವರಿಗೆಲ್ಲ ದಾರಿ ಹೇಳಿ ಸಾಕಾಗಿ 1973ರಲ್ಲಿ ನೂರು ಪುಟವೂ ಇಲ್ಲದ ಪುಸ್ತಕವೊಂದನ್ನು ತಾವೇ ಮಡಚಿ, ಪಿನ್ ಹೊಡೆದು ಮಾರಿದರು. ಲೋನ್ಲಿ ಪ್ಲಾನೆಟ್ ಹುಟ್ಟಿದ್ದು ಹಾಗೆ. 1981ರಲ್ಲಿ ಬಂದ ಅವರ ಭಾರತದ ಕೈಪಿಡಿ ಸಂಸ್ಥೆಯನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿತು. ಅದರ ಲೇಖಕರಲ್ಲಿ ನೇಪಾಳದ ಪ್ರಕಾಶ್ ರಾಜ್ ಕೂಡ ಒಬ್ಬರು. ಮರುವರ್ಷ ಇಂಗ್ಲೆಂಡಿನಲ್ಲಿ ಮಾರ್ಕ್ ಎಲಿಂಗ್‌ಹ್ಯಾಮ್ ಗ್ರೀಸಿನ ಪುಸ್ತಕದೊಂದಿಗೆ ರಫ್ ಗೈಡ್ಸ್ ಆರಂಭಿಸಿದರು. ಅಮೆರಿಕದ ಆರ್ಥರ್ ಫ್ರಾಮರ್ ಅದಕ್ಕೂ ಮೊದಲೇ, 1957ರಲ್ಲಿ, ದಿನಕ್ಕೆ 5 ಡಾಲರಿನಲ್ಲಿ ಯುರೋಪ್ ನೋಡುವುದು ಹೇಗೆಂದು ಬರೆದು ಸಾಮಾನ್ಯ ಸಂಬಳದವರನ್ನು ವಿಮಾನ ಹತ್ತಿಸಿದ್ದರು.

ಈ ಪುಸ್ತಕಗಳು ಮಾಡಿದ ಉಪಕಾರ ದೊಡ್ಡದು. ಏಜೆಂಟರ ಹಂಗಿಲ್ಲದೆ ಹೊರಡುವ ಧೈರ್ಯವನ್ನು ಅವು ಕೊಟ್ಟವು. ಪುಸ್ತಕ ಬೆಳೆದಂತೆ ಬರೆಯುವವರು ಬೇಕಾದರು, ಹೀಗೆ ಕೈಪಿಡಿ ಬರೆಯುವುದೇ ಒಂದು ವೃತ್ತಿಯಾಯಿತು. ಆರಂಭದ ದಿನಗಳಲ್ಲಿ ಲೇಖಕರಿಗೆ ರಾಯಲ್ಟಿ ಇತ್ತು: ಪುಸ್ತಕ ಓಡಿದರೆ ಬರೆದವರಿಗೂ ಪಾಲು. ಆಮೇಲೆ ದೊಡ್ಡ ಸಂಸ್ಥೆಗಳು ಒಂದೊಂದಾಗಿ ಒಂದೇ ಗಂಟಿನ ಸಂಭಾವನೆಗೆ ಹೊರಳಿದವು. ಇಂತಿಷ್ಟು ಮೊತ್ತ, ಅದರಲ್ಲೇ ರೈಲು, ಬಸ್ಸು, ರೂಮು, ಊಟ, ಔಷಧಿ ಎಲ್ಲ. ಮಿಕ್ಕಿದ್ದು ದುಡಿಮೆ. ಪುಸ್ತಕ ಎಷ್ಟೇ ಸಲ ಮರುಮುದ್ರಣವಾದರೂ ಬರೆದವರಿಗೆ ಮತ್ತೆ ಕಾಸಿಲ್ಲ, ಹಕ್ಕೂ ಪ್ರಕಾಶಕರದ್ದೇ.

ಆ ಗಂಟಿನೊಳಗೆ ಆಗಬೇಕಾದ ಕೆಲಸ ಎಷ್ಟೆಂದು ನೋಡಿ. ಹೊಸಪೇಟೆ–ಹಂಪಿಯಂಥ ಒಂದೇ ತುಂಡನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಬಳಿ ನಿಂತು ಹಂಪಿಗೆ ಮೊದಲ ಬಸ್ಸು ಎಷ್ಟಕ್ಕೆ, ಕೊನೆಯದು ಎಷ್ಟಕ್ಕೆ ಎಂದು ಬರೆದುಕೊಳ್ಳಬೇಕು. ಹಲಗೆಯ ಮೇಲಿನ ವೇಳೆಯನ್ನೇ ನಂಬುವಂತಿಲ್ಲ, ಡ್ರೈವರ್ ಕಂಡಕ್ಟರರನ್ನೂ ಕೇಳಬೇಕು. ರೈಲು ನಿಲ್ದಾಣದಿಂದ ಆಟೋದವರು ಎಷ್ಟು ಕೇಳುತ್ತಾರೆ, ನ್ಯಾಯವಾಗಿ ಎಷ್ಟು ಕೊಡಬಹುದು ತಿಳಿಯಬೇಕು. ಲಾಡ್ಜಿಗೆ ಹೋಗಿ ರೂಮು ತೋರಿಸಿ ಎನ್ನಬೇಕು. ಬಿಸಿನೀರು ಎಷ್ಟು ಗಂಟೆಯವರೆಗೆ, ಫ್ಲಶ್ ಕೆಲಸ ಮಾಡುತ್ತದೆಯೇ, ಕಿಟಕಿಗೆ ಸೊಳ್ಳೆ ಜಾಲರಿ ಇದೆಯೇ, ಒಬ್ಬಳೇ ಬಂದ ಹೆಣ್ಣಿಗೆ ಚಿಲಕ ಭದ್ರವೇ ಎಂದು ನೋಡಬೇಕು. ತಾನು ಯಾರೆಂದು ಹೇಳಿಕೊಳ್ಳಬಾರದು, ಹೇಳಿದರೆ ತೋರಿಸುವ ರೂಮೇ ಬೇರೆ. ಹೀಗೆ ಒಂದೇ ದಿನಕ್ಕೆ ಹತ್ತಾರು ಬಾಗಿಲು. ಎಲ್ಲ ಹೋಟೆಲಲ್ಲೂ ಮಲಗಲು, ಎಲ್ಲ ಖಾನಾವಳಿಯಲ್ಲೂ ಉಣ್ಣಲು ಯಾವ ಲೇಖಕರಿಗೂ ಸಾಧ್ಯವಿಲ್ಲ, ಓದುಗರಿಗೆ ಇದು ಗೊತ್ತಿರಬೇಕು. ನೋಡುವುದು, ಕೇಳುವುದು, ಅಡುಗೆಮನೆಯ ಕಡೆ ಒಂದು ಕಣ್ಣು ಹಾಕುವುದು, ಅಲ್ಲಿ ಉಣ್ಣುತ್ತಿರುವ ಊರಿನವರನ್ನು ಮಾತಾಡಿಸುವುದು, ಇಷ್ಟರಲ್ಲೇ ತೀರ್ಮಾನಕ್ಕೆ ಬರುವ ಕಣ್ಣನ್ನು ಅನುಭವ ಕೊಡುತ್ತದೆ.

ಮಧ್ಯಾಹ್ನದ ಉರಿಬಿಸಿಲಲ್ಲಿ ವಿಜಯ ವಿಠ್ಠಲ ದೇವಸ್ಥಾನದ ದಾರಿ. ವಾಹನ ಎಲ್ಲಿ ನಿಲ್ಲಿಸಬೇಕು, ಬ್ಯಾಟರಿ ಗಾಡಿ ಎಲ್ಲಿಂದ, ನಡೆಯಲಾರದ ಹಿರಿಯರಿಗೆ ಏನು ದಾರಿ, ಇಲ್ಲಿ ಕೊಂಡ ಟಿಕೆಟ್ ಕಮಲ ಮಹಲಿಗೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ಅದೇ ದಿನ ನಡೆಯುತ್ತದೆಯೇ ಎಂದೆಲ್ಲ ನೋಡಬೇಕು. ಪ್ರವಾಸಿಗೆ ಇದು ಒಂದು ಮಧುರ ದಿನ, ಬರೆಯುವವರಿಗೆ ಕಲ್ಲಿನ ರಥದ ಮುಂದೆ ಹತ್ತು ನಿಮಿಷ ಸುಮ್ಮನೆ ನಿಲ್ಲಲೂ ಬಿಡುವಿಲ್ಲ. ಈ ವೃತ್ತಿಯ ದೊಡ್ಡ ನಷ್ಟ ಯಾವುದೆಂದರೆ ನನಗೆ ತೋರುವುದು ಇದು. ಇಷ್ಟಪಟ್ಟು ಬಂದ ಊರಿನಲ್ಲೇ ಇಷ್ಟಪಟ್ಟದ್ದಕ್ಕೆ ಸಮಯ ಸಿಗುವುದಿಲ್ಲ.

ರಾತ್ರಿ ರೂಮಿಗೆ ಬಂದು ಆ ದಿನದ ಟಿಪ್ಪಣಿಯನ್ನೆಲ್ಲ ಟೈಪ್ ಮಾಡದಿದ್ದರೆ ಮರುದಿನ ನಾಲ್ಕು ಲಾಡ್ಜುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಮನೆಗೆ ಮರಳಿದ ಮೇಲೆ ಇನ್ನೂ ದೊಡ್ಡ ಕೆಲಸ ಕಾದಿರುತ್ತದೆ. ಪದಮಿತಿ ಹಳೆಯದೇ, ಹೊಸ ಹೋಂಸ್ಟೇ ಒಂದನ್ನು ಸೇರಿಸಬೇಕಾದರೆ ಹಳೆಯದೊಂದನ್ನು ಕೈಬಿಡಬೇಕು. ಕೈಬಿಟ್ಟರೆ ಆ ಮನೆಯವರ ವ್ಯಾಪಾರಕ್ಕೆ ಪೆಟ್ಟು ಎಂಬುದೂ ಬರೆಯುವವರಿಗೆ ಗೊತ್ತು. ನಕ್ಷೆ ತಿದ್ದಬೇಕು. ನಕ್ಷೆಯಲ್ಲಿ ಬ್ಯಾಂಕು ರಸ್ತೆಯ ಈ ಬದಿಗಿದೆ, ಬರಹದಲ್ಲಿ ಆ ಬದಿಗಿದೆಯಲ್ಲ ಎಂದು ಸಂಪಾದಕರು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರಿಸಬೇಕು. ಸುತ್ತಾಟಕ್ಕಿಂತ ಮೇಜಿನ ಕೆಲಸವೇ ಹೆಚ್ಚು ದಿನ ತಿನ್ನುತ್ತದೆ. ಪುಸ್ತಕ ಅಂಗಡಿಗೆ ಬರುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ, ಅಷ್ಟರಲ್ಲಿ ಟಿಕೆಟ್ ದರ ಮತ್ತೆ ಏರಿರುತ್ತದೆ.

ಗಂಟು ಸಾಲದಾದಾಗ ಏನಾಗುತ್ತದೆ ಎಂಬುದು 2008ರಲ್ಲಿ ಜಗಜ್ಜಾಹೀರಾಯಿತು. ಲೋನ್ಲಿ ಪ್ಲಾನೆಟ್‌ಗೆ ಹಲವು ಪುಸ್ತಕಗಳಲ್ಲಿ ದುಡಿದ ಥಾಮಸ್ ಕೋನ್‌ಸ್ಟಾಮ್ ತನ್ನ ಆತ್ಮಕಥನದ ಸಂದರ್ಭದಲ್ಲಿ, ಕೊಲಂಬಿಯಾ ಕೈಪಿಡಿಗೆ ಬರೆದಾಗ ತಾನು ಕೊಲಂಬಿಯಾಕ್ಕೆ ಹೋಗಿರಲಿಲ್ಲ, ಕೊಟ್ಟ ಹಣ ಅದಕ್ಕೆ ಸಾಲುತ್ತಿರಲಿಲ್ಲ ಎಂದದ್ದು ಪತ್ರಿಕೆಗಳಲ್ಲಿ ಬಂತು. ಆತನಿಗೆ ವಹಿಸಿದ್ದು ಇತಿಹಾಸದಂಥ ಭಾಗ ಮಾತ್ರ, ಅದಕ್ಕೆ ಅಲ್ಲಿಗೆ ಹೋಗಬೇಕಾಗಿರಲಿಲ್ಲ ಎಂದು ಸಂಸ್ಥೆ ಉತ್ತರಿಸಿತು. ಆ ಮಾತು ನ್ಯಾಯವಾದದ್ದೇ. ಆದರೂ ಓದುಗರು ಬೆಚ್ಚಿಬಿದ್ದದ್ದು ಯಾಕೆ? ಪುಸ್ತಕದ ಪ್ರತಿ ಸಾಲಿನ ಹಿಂದೆ ಒಂದು ಜೊತೆ ಕಾಲುಗಳು ನಡೆದಿವೆ ಎಂದು ಅವರು ನಂಬಿದ್ದರು, ಆ ನಂಬಿಕೆಗೇ ದುಡ್ಡು ಕೊಟ್ಟಿದ್ದರು.

ಇನ್ನೊಂದು ದಾರಿ ಪುಕ್ಕಟೆ ಪ್ರವಾಸ. ಪ್ರವಾಸೋದ್ಯಮ ಮಂಡಳಿಗಳು, ರೆಸಾರ್ಟುಗಳು, ವಿಮಾನ ಕಂಪನಿಗಳು ಬರಹಗಾರರನ್ನು ಕರೆದೊಯ್ದು ಉಪಚರಿಸುವ ಇವಕ್ಕೆ ವೃತ್ತಿಯಲ್ಲಿ ಫ್ಯಾಮ್ ಟ್ರಿಪ್ ಎನ್ನುತ್ತಾರೆ. ದೊಡ್ಡ ಕೈಪಿಡಿ ಸಂಸ್ಥೆಗಳು ಹೊಗಳಿಕೆಗೆ ಬದಲಾಗಿ ಏನನ್ನೂ ಪಡೆಯಬಾರದೆಂದು ಲೇಖಕರಿಗೆ ನಿಯಮ ಹಾಕಿವೆ. ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಆ ನಿಯಮ ಸಡಿಲ, ಇನ್‌ಸ್ಟಾಗ್ರಾಮಿನಲ್ಲಂತೂ ಅಂಥದ್ದು ಹೆಸರಿಗೂ ಇಲ್ಲ. ಹೋಗಿಬರುವ ಖರ್ಚನ್ನು ಪತ್ರಿಕೆ ಕೊಡದಿದ್ದಾಗ ಬರೆಯುವವರು ಆಹ್ವಾನ ಒಪ್ಪಿಕೊಳ್ಳುವುದನ್ನು ನಾನು ಪಾಪ ಎನ್ನಲಾರೆ. ಅದನ್ನು ಓದುಗರಿಗೆ ತಿಳಿಸದಿರುವುದು ಮಾತ್ರ ಖಂಡಿತ ತಪ್ಪು. ಇದಕ್ಕೆ ಎದುರಾಗಿ ಮಿಶೆಲಿನ್ ಮಾದರಿ ಇದೆ. 1900ರಲ್ಲಿ ಟೈರ್ ಕಂಪನಿಯೊಂದು ಹಂಚಿದ ಕೈಪಿಡಿ ಅದು. 1926ರಿಂದ ರೆಸ್ಟೋರೆಂಟುಗಳಿಗೆ ನಕ್ಷತ್ರ ಕೊಡುತ್ತಿದೆ. ಅದರ ಪರೀಕ್ಷಕರು ಸಂಬಳದ ನೌಕರರು, ಹೆಸರು ಹೇಳದೆ ಹೋಗಿ ಉಂಡು ಬಿಲ್ಲು ತೆತ್ತು ಬರುತ್ತಾರೆ. ಈಚಿನ ವರ್ಷಗಳಲ್ಲಿ ಕೆಲವು ದೇಶಗಳ ಪ್ರವಾಸೋದ್ಯಮ ಮಂಡಳಿಗಳು ಮಿಶೆಲಿನ್ ತಮ್ಮಲ್ಲಿಗೆ ಬರಲೆಂದು ಹಣ ಕೊಡುತ್ತಿವೆ. ಅಲ್ಲೂ ದುಡ್ಡಿನ ಮೂಲ ಬದಲಾಗಿದೆ.

ದೊಡ್ಡ ದುಡ್ಡಿನ ಕಥೆ ಬೇಗ ಹೇಳಿ ಮುಗಿಸಬಹುದು. ಬಿಬಿಸಿ ವರ್ಲ್ಡ್‌ವೈಡ್ 2007ರಿಂದ 2011ರೊಳಗೆ ಎರಡು ಕಂತುಗಳಲ್ಲಿ ಲೋನ್ಲಿ ಪ್ಲಾನೆಟನ್ನು ಸುಮಾರು 13 ಕೋಟಿ ಪೌಂಡ್ ಕೊಟ್ಟು ಕೊಂಡು, 2013ರಲ್ಲಿ ಸುಮಾರು 5 ಕೋಟಿಗೆ ಮಾರಿತು. ಗೂಗಲ್ 2012ರಲ್ಲಿ ಫ್ರಾಮರ್ ಪುಸ್ತಕಮಾಲೆಯನ್ನು ಕೊಂಡಿತು. ಮರುವರ್ಷವೇ ಆರ್ಥರ್ ಫ್ರಾಮರ್ ತಮ್ಮ ಹೆಸರನ್ನು ವಾಪಸು ಪಡೆದು ಮತ್ತೆ ಪುಸ್ತಕ ಅಚ್ಚು ಹಾಕಿದರು. ಆಗ ಅವರ ವಯಸ್ಸು ಎಂಬತ್ತು ದಾಟಿತ್ತು. 2020ರ ಏಪ್ರಿಲಿನಲ್ಲಿ, ಕೋವಿಡ್ಡಿಗೆ ಜಗತ್ತೇ ಬಾಗಿಲು ಹಾಕಿಕೊಂಡಾಗ, ಲೋನ್ಲಿ ಪ್ಲಾನೆಟ್ ಮೆಲ್ಬೋರ್ನ್ ಮತ್ತು ಲಂಡನ್ ಕಚೇರಿಗಳನ್ನು ಮುಚ್ಚುವುದಾಗಿ ಹೇಳಿತು. ಕಚೇರಿಯವರಿಗೆ ಕಾನೂನಿನ ರಕ್ಷಣೆ ಇತ್ತು. ಫ್ರೀಲಾನ್ಸ್ ಲೇಖಕರಿಗೆ ಮುಂದಿನ ಕರಾರು ಬರಲಿಲ್ಲ, ಅಷ್ಟೇ.

ಬಂದ ಹೊಸ ಎದುರಾಳಿಗೆ ಕಾಲೇ ಇಲ್ಲ. 2023ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆಜಾನಿನಲ್ಲಿ ರಾಶಿರಾಶಿಯಾಗಿ ಮಾರಾಟಕ್ಕಿದ್ದ ನಕಲಿ ಪ್ರವಾಸ ಕೈಪಿಡಿಗಳನ್ನು ಬಯಲಿಗೆಳೆಯಿತು. ಪುಸ್ತಕವನ್ನು ಯಂತ್ರ ಬರೆದಂತಿತ್ತು, ಲೇಖಕನ ಹೆಸರು ಕಲ್ಪಿತ, ಹೊಗಳಿಕೆಯ ವಿಮರ್ಶೆಗಳೂ ಸುಳ್ಳು. ಅದೇ ತಿಂಗಳು ಮೈಕ್ರೋಸಾಫ್ಟ್ ಪ್ರಕಟಿಸಿದ ಪ್ರವಾಸ ಬರಹವೊಂದು ಒಟ್ಟಾವಾ ನಗರದ ಆಕರ್ಷಣೆಗಳ ಪಟ್ಟಿಯಲ್ಲಿ ಬಡವರಿಗೆ ದವಸ ಹಂಚುವ ಕೇಂದ್ರವನ್ನು ಸೇರಿಸಿ, ಹಸಿದ ಹೊಟ್ಟೆಯಲ್ಲಿ ಹೋಗಿ ಎಂದು ಸಲಹೆಯನ್ನೂ ಕೊಟ್ಟಿತ್ತು. ಅಲ್ಲಿಗೆ ಒಮ್ಮೆ ಹೋಗಿ ಸಾಲಿನಲ್ಲಿ ನಿಂತವರನ್ನು ಕಂಡ ಯಾರ ಕೈಯಿಂದಲೂ ಆ ವಾಕ್ಯ ಬರುತ್ತಿರಲಿಲ್ಲ. ಇನ್ನೊಂದು ಘಟನೆ ನಮ್ಮ ದೇಶದ್ದೇ. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಮೊಬೈಲ್ ನಕ್ಷೆ ತೋರಿಸಿದ ದಾರಿ ಹಿಡಿದು ಹೋದ ಕಾರು, ಪ್ರವಾಹಕ್ಕೆ ಒಂದು ತುದಿ ಕೊಚ್ಚಿಹೋಗಿದ್ದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಸೇತುವೆ ಮುರಿದದ್ದು ಸುತ್ತಲ ಊರಿನವರಿಗೆ ಗೊತ್ತಿತ್ತು, ನಕ್ಷೆಗೆ ಮುಟ್ಟಿರಲಿಲ್ಲ. ಹೋಗಿ ನೋಡಿ ತಿದ್ದುವ ಕೆಲಸವನ್ನು ಅಗ್ಗ ಮಾಡಿದರೆ ಕೊನೆಗೆ ಅದರ ಬೆಲೆ ತೆರುವವರು ದಾರಿಹೋಕರೇ.

ನಮ್ಮ ದೇಶದ ಫ್ರೀಲಾನ್ಸರಿಗೆ ಮುಖ್ಯ ಆಸರೆ ಪತ್ರಿಕೆಗಳು. ಮಸೂರಿಯ ಹ್ಯೂ ಮತ್ತು ಕಾಲೀನ್ ಗ್ಯಾಂಟ್ಜರ್ ದಂಪತಿ ದಶಕಗಳ ಕಾಲ ಇದೇ ವೃತ್ತಿಯಲ್ಲಿ ಬಾಳಿದರು, 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕಾಲೀನ್ ಅದನ್ನು ನೋಡಲು ಉಳಿದಿರಲಿಲ್ಲ. ಅಂಥ ಬಾಳು ಅಪರೂಪ. ಲೇಖನ ಇಂದು ಒಪ್ಪಿಸಿದರೆ ಅಚ್ಚಾಗುವುದು ಎಂದೋ, ಹಣ ಬರುವುದು ಅದಾದ ಮೇಲೆ ಎಂದೋ. ಬಂದಾಗ ನೂರಕ್ಕೆ ಹತ್ತು ಟಿಡಿಎಸ್ ಮುರಿದು ಬರುತ್ತದೆ, ಅದನ್ನು ವಾಪಸು ಪಡೆಯಲು ರಿಟರ್ನ್ ಸಲ್ಲಿಸಬೇಕು. ಹೊಸಬರು ಒಂದು ಮಾತು ತಿಳಿದಿರುವುದು ಒಳ್ಳೆಯದು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರರಲ್ಲದವರು ಬರೆದದ್ದರ ಮೊದಲ ಒಡೆತನ ಬರೆದವರದೇ. ಲಿಖಿತವಾಗಿ ಸಹಿ ಹಾಕಿ ಕೊಡದೆ ಅದು ಇನ್ನೊಬ್ಬರ ಪಾಲಾಗುವುದಿಲ್ಲ. ಅವಧಿ ನಮೂದಿಸದೆ ಕೊಟ್ಟಿದ್ದರೆ ಐದು ವರ್ಷಕ್ಕೆ ಎಂದೇ ಕಾಯ್ದೆ ಭಾವಿಸುತ್ತದೆ. ಕರಾರಿನ ಕೊನೆಯ ಪುಟದವರೆಗೂ ಓದಿ ಸಹಿ ಹಾಕಿ.

ಕನ್ನಡದ ಸ್ಥಿತಿ ವಿಚಿತ್ರವಾದದ್ದು. ಪ್ರವಾಸ ಸಾಹಿತ್ಯದಲ್ಲಿ ನಾವು ಶ್ರೀಮಂತರು. ಗೋಕಾಕರು, ಕಾರಂತರು, ಬಿ.ಜಿ.ಎಲ್. ಸ್ವಾಮಿ, ಗೊರೂರು, ಕೃಷ್ಣಾನಂದ ಕಾಮತ್, ನೇಮಿಚಂದ್ರ, ರಹಮತ್ ತರೀಕೆರೆ ಹೀಗೆ ಪಟ್ಟಿ ಬೆಳೆಯುತ್ತದೆ. 'ಅಮೇರಿಕದಲ್ಲಿ ಗೊರೂರು' ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಇವರಲ್ಲಿ ಸ್ವಾಮಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರು, ನೇಮಿಚಂದ್ರ ಎಚ್‌ಎಎಲ್‌ನಲ್ಲಿ ಎಂಜಿನಿಯರು. ಕಾರಂತರು ಬರವಣಿಗೆಯಿಂದ ಬದುಕಿದರು, ಆದರೆ ಪ್ರವಾಸ ಕಥನ ಅವರ ವಿಶಾಲ ಹೊಲದ ಒಂದು ಮೂಲೆ. ಅನುಭವ ಹೇಳುವ ಪುಸ್ತಕ ನಮ್ಮಲ್ಲಿ ಬೇಕಾದಷ್ಟಿದೆ. ಬಸ್ಸಿನ ವೇಳೆ, ಉಳಿಯುವ ಜಾಗ, ನಡೆಯುವ ದಾರಿ ಹೇಳಿ, ಎರಡು ವರ್ಷಕ್ಕೊಮ್ಮೆ ತಿದ್ದಿ ಅಚ್ಚಾಗುವ ಕೈಪಿಡಿಗಳ ಪರಂಪರೆ ಬೆಳೆಯಲಿಲ್ಲ. ಆ ಜಾಗವನ್ನು ಒಂದಿಷ್ಟು ತುಂಬಿದ್ದು ದೇವಸ್ಥಾನದ ಮುಂದೆ ಮಾರುವ ಕ್ಷೇತ್ರ ಮಹಾತ್ಮೆಯ ಪುಟ್ಟ ಪುಸ್ತಕಗಳು. ಪೂಜೆಯ ವೇಳೆ, ಛತ್ರದ ವಿವರ ಅವುಗಳ ಹಿಂಬದಿಯಲ್ಲಿ ಇರುತ್ತಿತ್ತು. ಅವನ್ನು ಬರೆದವರ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಎಲ್ಲೂ ಸಿಗದು, ಸಿಗಬೇಕಿತ್ತು.

ಇಂಥ ಕೈಪಿಡಿ ಕನ್ನಡದಲ್ಲಿ ಏಕೆ ಬೇಕು, ಮೊಬೈಲಿದೆಯಲ್ಲ ಎನ್ನುವವರಿದ್ದಾರೆ. ನಮ್ಮ ನಾಡಿನೊಳಗೆ ತಿರುಗುವವರಲ್ಲಿ ಕನ್ನಡ ಓದುವವರ ಸಂಖ್ಯೆ ಸಣ್ಣದಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದೇ ಹೊಯ್ಸಳರ ಕಾಲದ ಎಷ್ಟೋ ಗುಡಿಗಳು ಹಳ್ಳಿಗಳಲ್ಲಿವೆ. ಬೀಗದ ಕೈ ಯಾರ ಮನೆಯಲ್ಲಿರುತ್ತದೆ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲ. ಏನನ್ನು ಬರೆಯಬಾರದು ಎಂಬ ವಿವೇಕವೂ ನಡೆದು ಬರೆಯುವವರಿಗೇ ಇರುತ್ತದೆ. ಸಾವಿರಾರು ಮಂದಿ ಒಂದೇ ಬೆಟ್ಟಕ್ಕೆ ನುಗ್ಗಿದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಬೇಕಾಯಿತು. 2024ರಲ್ಲಿ ಆನ್‌ಲೈನ್ ಬುಕಿಂಗ್ ತಂದು ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂದು ಮಿತಿ ಹಾಕಿತು. ಒಳ್ಳೆಯ ಕೈಪಿಡಿಕಾರರು ಜನರನ್ನು ಹತ್ತು ದಾರಿಗೆ ಹಂಚುತ್ತಾರೆ, ನಾಜೂಕಾದ ಝರಿಯೊಂದರ ಜಾಡನ್ನು ಬೇಕೆಂದೇ ಬಿಟ್ಟುಬಿಡುತ್ತಾರೆ.

ಕನ್ನಡದ ಪ್ರಕಾಶಕರಲ್ಲಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನನ್ನ ಬೇಡಿಕೆ ಸರಳವಾದದ್ದು. ಜಿಲ್ಲೆಗೊಂದು ಕೈಪಿಡಿ ತನ್ನಿ. ಅದನ್ನು ಆ ಜಿಲ್ಲೆಯಲ್ಲೇ ಇರುವ ಒಬ್ಬರಿಂದ ಬರೆಸಿ. ಓಡಾಟದ ಖರ್ಚನ್ನು ಸಂಭಾವನೆಯಿಂದ ಬೇರೆಯಾಗಿ ಕೊಡಿ, ಮಾರಾಟದಲ್ಲಿ ರಾಯಲ್ಟಿ ಕೊಡಿ, ಎರಡು ವರ್ಷಕ್ಕೊಮ್ಮೆ ಮತ್ತೆ ಕಳಿಸಿ. ಬಣ್ಣಬಣ್ಣದ ಕಾಫಿ ಟೇಬಲ್ ಪುಸ್ತಕಗಳಿಗೆ ಸುರಿಯುವ ಹಣದ ಒಂದು ಪಾಲು ಇದಕ್ಕೆ ಸಾಕು. ಓದುಗರಲ್ಲೂ ಒಂದು ಮಾತು. ಪ್ರವಾಸ ಕೈಪಿಡಿ ಕೊಳ್ಳುವಾಗ ಮುದ್ರಣದ ವರ್ಷ ನೋಡಿ, ಆಮೇಲೆ ಬರೆದವರು ಯಾರು, ಆ ಊರಿಗೂ ಅವರಿಗೂ ಏನು ನಂಟು ಎಂದು ನೋಡಿ. ಅದು ಎಲ್ಲೂ ಸಿಗದಿದ್ದರೆ ಆ ಪುಸ್ತಕವನ್ನು ಕೊಳ್ಳಬೇಡಿ.